ಪ್ರಯಾಣದ ವಿವರ

ಈ ಸೊಳ್ಳೆಗೆ ಊರೂರು ಗೊತ್ತಿಲ್ಲ.
ಕೊಬ್ಬರಿ ತೆಗೆದು ಎಸೆದ ಕರಟದಲ್ಲಿ ಹುಟ್ಟಿ
ಎರಡು ಓಣಿ ದಾಟುವುದರೊಳಗೆ ಮುದಿಯಾಗಿ
ಯಾರದೋ ಪರದೆಯ ನಿರಿಗೆಯಲ್ಲಿ ಸಾಯುತ್ತದೆ.
ರೈಲಿನ ಸೀಟಿ ಕೇಳಿರುತ್ತದೆ, ಅಷ್ಟೆ.

ಮತ್ತೆ ಜ್ವರ ಬಂದದ್ದು ಹೇಗೆ ಎಂದು
ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ.
ಅರಸೀಕೆರೆ, ಸ್ಟೇಷನ್ನಿನ ಹಿಂದಿನ ಸಾಲುಮನೆ.
ಕೈಯಲ್ಲಿ ಟಾರ್ಚು, ಬಗಲಲ್ಲಿ ಫಾರಮ್ಮುಗಳ ಕಟ್ಟು,
ಏಳನೇ ಕಾಲಂ:
ಕಳೆದ ಹದಿನೈದು ದಿನದಲ್ಲಿ ಎಲ್ಲಿಗಾದರೂ ಹೋಗಿದ್ದಿರಾ?

‘ಎಲ್ಲಿಗೂ ಇಲ್ಲಕ್ಕ’ ಅಂದಳು ಕೌಸರ್,
ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಎತ್ತಲಾರದೆ.
ತುಸು ತಡೆದು,
‘ತಿಪಟೂರಿನ ಮದುವೆ ಲೆಕ್ಕಕ್ಕಾ?’
ಲೆಕ್ಕಕ್ಕೇ.
‘ಹುಬ್ಬಳ್ಳಿಯಿಂದ ಬೀಗರು ಬಂದಿದ್ರು.
ಅವರಲ್ಲೊಬ್ಬ ಹುಡುಗ ಫೋಟೋಗೂ ಏಳಲಿಲ್ಲ,
ಹಗಲೆಲ್ಲ ಚೌಲ್ಟ್ರಿ ಮೂಲೆಯಲ್ಲಿ ಹೊದ್ದು ಮಲಗಿದ್ದ.’
ಅವನ ಬ್ಯಾಗಿನಲ್ಲಿ ಪೇಡಾ ಇದ್ದಿರಬಹುದು,
ಮೈಯಲ್ಲಿ ಇನ್ನೂ ಹೆಸರಿಡದ ಒಂದು ಬಿಸಿ.

ಪಕ್ಕದ ಬಾಗಿಲು ಸಣ್ಣೀರಪ್ಪನದು.
ಪ್ಲಾಟ್‌ಫಾರಂನಲ್ಲಿ ಇಡ್ಲಿ ಮಾರುತ್ತಾನೆ,
ಈಗ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾನೆ.
‘ನಾನೆಲ್ಲಿ ಹೋಗ್ಲಿ ಮೇಡಂ,
ಮೂವತ್ತು ವರ್ಷದಿಂದ ಆ ಕಲ್ಲುಬೆಂಚು ಬಿಟ್ಟು ಕದಲಿಲ್ಲ.
ಮೈಸೂರು, ಶಿವಮೊಗ್ಗ, ಹುಬ್ಬಳ್ಳಿ,
ಊರುಗಳೇ ನನ್ನ ಹತ್ರ ಬರ್ತವೆ,
ಎರಡು ನಿಮಿಷ ನಿಲ್ತವೆ, ಚಿಲ್ಲರೆ ಕೇಳ್ತವೆ, ಹೋಗ್ತವೆ.’
ಇದನ್ನು ಯಾವ ಕಾಲಮಿನಲ್ಲಿ ಬರೆಯಲಿ?

ಅವನ ನೀಲಿ ಡ್ರಮ್ಮಿಗೆ ಟಾರ್ಚು ಬಿಟ್ಟೆ.
ತಲೆಕೆಳಗಾಗಿ ತೂಗುತ್ತಿದ್ದವು,
ಯಾರೋ ವಾಕ್ಯ ಮುಗಿಸದೆ ಎದ್ದುಹೋದ
ನೂರಾರು ಅಲ್ಪವಿರಾಮ.
ಡ್ರಮ್ಮು ಬೋರಲು ಹಾಕಿಸಿದೆ. ಬೈದ.
ನಲ್ಲಿಯಲ್ಲಿ ನೀರು ಬಂದು ಒಂಬತ್ತು ದಿನವಂತೆ.

ಆ ಭಾನುವಾರ ಬಾಣಾವರಕ್ಕೆ ಹೋಗಿದ್ದೆ,
ತಂಗಿಯ ಮಗು ನೋಡಲು.
ಹಳದಿ ಕುಲಾವಿ, ಒಂದು ಗಿಲಕಿ, ಬಾಣಂತಿಗೆ ತುಪ್ಪ.
ಹಿತ್ತಲಲ್ಲಿ ಕುರಿಗಳ ಕಲ್ಲುಬಾನಿಯ ಪಕ್ಕ
ಮಗುವಿಗೆ ಎಳೆಬಿಸಿಲು ಕಾಯಿಸುತ್ತ ಕೂತಿದ್ದಾಗ
ಹಿಮ್ಮಡಿಯ ಮೇಲೆ ಏನೋ ಚುರ್ ಅಂದಿತು.
ಹೊಡೆದೆ. ತಪ್ಪಿಸಿಕೊಂಡಿತು.
ಬಿಳಿ ಪಟ್ಟೆಯ ಕಾಲು, ನೋಡಿದೆ,
ನೋಡಿಯೂ ಗಿಲಕಿ ಆಡಿಸಿದೆ.
ಮಣಿಕಟ್ಟು ಯಾಕೋ ನೋಯುತ್ತಿತ್ತು,
ಬರೆದೂ ಬರೆದೂ ಅಂದುಕೊಂಡೆ.
ರಾತ್ರಿ ಚಳಿ ಹತ್ತಿತು.

ಎರಡು ವಾರದ ಮೇಲೆ ತಂಗಿಯ ಫೋನು:
‘ಪಾಪು ಕಾಲು ಮುಟ್ಟಿಸಿಕೊಳ್ತಿಲ್ಲ ಅಕ್ಕ,
ಕುಲಾವಿ ತೆಗೆದ್ರೆ ನೆತ್ತಿ ಕಾದ ಹಂಚು.’
ಅಲ್ಲಿಯ ಕಾರ್ಯಕರ್ತೆ ಚಂದ್ರಕಲಾ ಬಂದಿದ್ದಳಂತೆ,
ಅದೇ ಫಾರಂ, ಅದೇ ಟಾರ್ಚು.
ಎಲ್ಲಿಗಾದರೂ ಹೋಗಿದ್ದಿರಾ?
ಬಾಣಂತಿ ಎಲ್ಲಿ ಹೋಗುತ್ತಾಳೆ.
‘ಇಲ್ಲ’ ಎಂದು ಬರೆಸಿದ್ದಾಳೆ.

ಬಂದವರು ಯಾರು ಎಂದು
ಆ ಫಾರಂ ಕೇಳುವುದಿಲ್ಲ.
ನಾನೂ ಯಾರನ್ನೂ ಕೇಳಿರಲಿಲ್ಲ.