ಆರು ಹತ್ತರ ಸಾಗರ ಬಸ್ಸು

ಗಾಂಧಿ ಬಜಾರಿನ ಮುನೀರ್ ಸಾಹೇಬರು
ಗಾಜಿನ ಕಡ್ಡಿಯಲ್ಲಿ ಮಣಿಕಟ್ಟಿಗೆ ಒಂದು ಗೆರೆ ಎಳೆದು
'ಉಜ್ಜಬೇಡಿ ಮೇಡಂ, ಹೂವಿಗೆ ನೋವಾಗ್ತದೆ' ಅಂದಿದ್ದರು.
ಹೆಬ್ಬೆರಳುದ್ದದ ಶೀಶೆ, ಮುನ್ನೂರೈವತ್ತು.
ಮನೆಯಲ್ಲಿ ಹೇಳಿದ್ದು ನೂರೈವತ್ತು.

ಬೆಳಿಗ್ಗೆ ಸ್ಟ್ಯಾಂಡಿನಿಂದ ಬಸ್ಸು ಹಿಂದೆ ತೆಗೆಸುವಾಗ
ಬಾಯಲ್ಲಿ ಸೀಟಿ ಕಚ್ಚಿಕೊಂಡೇ ಹಚ್ಚಿಕೊಂಡೆ.
ಮೊದಲಿಗೆ ಹೂವೇ ಇರಲಿಲ್ಲ.
ಮುರಿದ ದಂಟು, ನೀರು,
ಹೇರಳೆಕಾಯಿ ಸಿಪ್ಪೆ ಚಿವುಟಿದ ಚುರುಕು.
ಆಲ್ಕೊಳ ಸರ್ಕಲ್ ದಾಟುವಷ್ಟರಲ್ಲಿ ಅದೂ ಇಲ್ಲ.

ಆಯನೂರಿಗೆ ಸುಗಂಧರಾಜ ಎದ್ದ.
ಎದ್ದವನು ಸುಮ್ಮನೆ ಕೂರುವವನಲ್ಲ,
ಟಿಕೆಟ್ಟೇ ಇಲ್ಲದೆ ಹಿಂದಿನ ಸೀಟಿನ ತನಕ ಹೋಗಿ ಬಂದ.
ಅವನ ಬೆನ್ನಿಗೆ ಮಲ್ಲಿಗೆ,
ಅದರ ಬೆನ್ನಿಗೆ ಚಾಪೆಯ ಮೇಲೆ ಒಣಹಾಕಿದ ಸುರಗಿ.
ಡ್ರೈವರ್ ಹುಚ್ಚರಾಯಪ್ಪ ಕನ್ನಡಿಯಲ್ಲಿ ಇಣುಕಿ
'ಯಾರ್ರೀ ಅದು, ಹೆಣದ ಹಾರ ತಂದೋರು?'
ಬಸ್ಸೆಲ್ಲ ತಿರುಗಿ ತಿರುಗಿ ನೋಡಿತು.
ನಾನೂ ನೋಡಿದೆ.

ಸುಳ್ಳೇನೂ ಅಲ್ಲ ಅವನ ಮಾತು.
ಬಿಳಿ ಹೂವಿನೊಳಗೆ ಒಂದಿಷ್ಟು ಕೊಳೆ ಇರುತ್ತದೆ:
ರಾತ್ರಿಯಿಡೀ ಜಡೆಯಲ್ಲಿದ್ದು
ಬೆಳಿಗ್ಗೆ ದಿಂಬಿಗೆ ಅಂಟಿದ ಕಂದು ದಂಡೆಯದು,
ಬಾಯಿಯದು, ಬೆವರಿನದು,
ಕೂಸಿನ ಕುತ್ತಿಗೆಯ ಮಡಿಕೆಯದು.
ಅದಿಲ್ಲದಿದ್ದರೆ ಬರೀ ಸೋಪು.

ಕುಂಸಿ. ಚೋರಡಿ.
ಹೆಂಗಸರಿಗೆಲ್ಲ ಶೂನ್ಯದ ಟಿಕೆಟ್ಟು ಹರಿದು ಕೊಡುತ್ತ ಹೋದೆ.
ಬೆರಳಿಗೆ ನಾಣ್ಯದ ಕಿಲುಬು, ಮಣಿಕಟ್ಟಿಗೆ ಹೂವು,
ನಡುವಿನ ನಾಲ್ಕಂಗುಲ ನಾನು.

ಆನಂದಪುರದಲ್ಲಿ ಹತ್ತಿದ ಮುದುಕ ಗುಡಿಗಾರರವನು,
ಕಂಕುಳಿನ ಚೀಲದಲ್ಲಿ ಉಳಿ.
ಚಿಲ್ಲರೆ ಕೊಟ್ಟ ಕೈಯ ಮೇಲೆ ಬಗ್ಗಿ
ಕೇಳದೆಯೇ ಮೂಸಿದ, ತುಂಡು ಮರ ಮೂಸುವ ಹಾಗೆ.
'ಮೇಲಿಂದು ಹೂವು, ಹೋಗ್ತದೆ.
ಅಡಿಯಲ್ಲಿ ಚೇಗುಂಟು. ಶ್ರೀಗಂಧ ಅಲ್ಲ ಮಾರಾಯ್ತಿ,
ದೇವದಾರು. ಮೋಸ ಹೋದೆ.'
ನಾಲ್ಕು ರೂಪಾಯಿ ಎರಡು ಸಲ ಎಣಿಸಿಕೊಂಡ.

ಸಾಗರ. ಎಲ್ಲರೂ ಇಳಿದರು,
ಹೂವುಗಳೂ.
ಖಾಲಿ ಬಸ್ಸಿನಲ್ಲಿ ಮಣಿಕಟ್ಟು ಮೂಗಿಗೆ ಒತ್ತಿದೆ.
ಪೆನ್ಸಿಲ್ ಕೆತ್ತಿದ ಸಿಪ್ಪೆ,
ವರ್ಷಗಟ್ಟಲೆ ತೆಗೆಯದ ಮರದ ಪೆಟ್ಟಿಗೆ,
ಒಂದಿಷ್ಟು ಉಪ್ಪು. ಅದು ಶೀಶೆಯದಲ್ಲ, ನನ್ನದು.
ಇಷ್ಟು ಹತ್ತಿರ ಬಂದವರಿಗಷ್ಟೇ ಸಿಗುವ ವಾಸನೆ.
ಇಷ್ಟು ಹತ್ತಿರ ಯಾರೂ ಬಂದಿರಲಿಲ್ಲ,
ನಾನೂ.

ಹುಚ್ಚರಾಯಪ್ಪ ಚಾ ತಂದು ಕೊಟ್ಟ.
'ಹಾರದವರು ಇಳಿದ್ರಾ?'
'ಹೂಂ, ಇಳಿದ್ರು.'
ವಾಪಸ್ಸು ಹೊರಡಲು ಇನ್ನೂ ಇಪ್ಪತ್ತು ನಿಮಿಷ.
ಇನ್ನೊಂದು ಕೈ ಖಾಲಿ ಇದೆ.