ಟಿ-ನಕ್ಷತ್ರದ ತನಕ

ಆ ಚಳಿಗಾಲ ತ್ಬಿಲಿಸಿಯಲ್ಲಿ ಪರಿಹಾರ ಅಂದರೆ ಎರಡು:
ಲಾರಿಯಲ್ಲಿ ಬರುವ ಹಿಟ್ಟು ಒಂದು,
ತ್ಸಿಯಾಲಾ ಹುಡುಕುತ್ತಿದ್ದದ್ದು ಇನ್ನೊಂದು.
ಎರಡಕ್ಕೂ ಸಾಲಿನಲ್ಲಿ ನಿಂತವನು ನಾನೇ.

ಸಬುರ್ತಾಲೋದ ಏಳನೇ ಮಹಡಿ. ಲಿಫ್ಟು ಸತ್ತು ವರ್ಷವಾಗಿತ್ತು.
ನೀರಿನ ಕ್ಯಾನು ಹೊತ್ತು ಏದುಸಿರಲ್ಲಿ ಬಂದರೆ
ಕೋಟಿನ ಮೇಲೆ ಕೋಟು, ಬೆರಳು ಕತ್ತರಿಸಿದ ಕೈಗವಸು,
ಅದರ ನಡುವೆ ಎಲ್ಲೋ ಅವಳು.
"ಗೋಡೆಗೆ ಒರಗಬೇಡವೋ,
ಗೋಡೆಯ ಮೇಲೆ ಎಲ್ಲವೂ ಸೊನ್ನೆ."

ಅವಳ ಸಮೀಕರಣದಲ್ಲೂ ಒಂದು ಕೋಣೆ.
ಅಲ್ಲಿನ ಬಿಸಿಗೆ ಎರಡು ಬುದ್ಧಿ:
ಹರಡಿ ಹರಡಿ ಗೋಡೆಗೆ ತನ್ನ ಕೊಟ್ಟುಕೊಳ್ಳುವುದು,
ತನ್ನನ್ನೇ ತಿಂದು ಉರಿದೇಳುವುದು.
ಯಾವುದು ಗೆಲ್ಲುತ್ತದೆ?
ಕೊನೆಯ ತನಕ ಕಾದು ನೋಡಿದವರಾರು?

"ಸ್ವಲ್ಪ ಹೊತ್ತು ಇದ್ದೇ ಇರುತ್ತದೆ. ಅದು ಸುಲಭ.
ಈಗಿನದು ಗೊತ್ತಿದ್ದರೆ ಇನ್ನೊಂದು ಗಳಿಗೆ ದೂಡಬಹುದು,
ಅಲ್ಲಿಂದ ಅರ್ಧ, ಅಲ್ಲಿಂದ ಕಾಲು, ಅರೆಕಾಲು,
ಹೆಜ್ಜೆ ಇಡುತ್ತಲೇ ಇರುತ್ತೀ, ಬೆಳಗೇ ಆಗುವುದಿಲ್ಲ."
ನಡೆದಷ್ಟೂ ಮುಟ್ಟಲಾಗದ ಆ ಕ್ಷಣಕ್ಕೆ
ಟಿ ಎಂದು ಬರೆದು ತಲೆಯ ಮೇಲೆ ನಕ್ಷತ್ರ ಇಟ್ಟಳು.
ಅದರಾಚೆ ಹಾಳೆ ಖಾಲಿ.

ಬೇಕಾದ್ದು ಒಂದು ಸೀಮೆ,
ಇಷ್ಟರ ಮೇಲೆ ಏರಲಾರೆ ಎಂಬ ಮಾತು.
ಇದ್ದದ್ದು ಅರ್ಧ ಬಾಟಲಿ ಸೀಮೆಎಣ್ಣೆ.

ಸಿ ಎಂಬ ಸ್ಥಿರಾಂಕ ಸಾಲಿಂದ ಸಾಲಿಗೆ ಊದುತ್ತ ಹೋಗುತ್ತದೆ,
ಹೆಸರು ಮಾತ್ರ ಸಿ, ಯಾರೂ ತಕರಾರು ತೆಗೆಯುವುದಿಲ್ಲ.
ರೊಟ್ಟಿಗೂ ಹಾಗೇ ಆಗಿತ್ತು. ಬೆಳಗ್ಗೆ ಒಂದು ಕಂತೆ ಕೂಪನ್ನು,
ಸಂಜೆ ಅದೇ ರೊಟ್ಟಿಗೆ ಒಂದೂವರೆ ಕಂತೆ.
"ಊದಲಿ ಬಿಡು," ಅಂದಳು,
"ಗಡಿಯಾರ ನೋಡಿಕೊಂಡು ಊದದಿದ್ದರೆ ಸಾಕು."

ಫೆಬ್ರವರಿಯಲ್ಲಿ ಎದುರು ಮನೆಯ ಮಾಕ್ವಾಲಾ ಬಂದಳು.
ಮೊಮ್ಮಗುವಿಗೆ ಜ್ವರ, ಒಲೆ ಹೊತ್ತಿಸಲು ಕಾಗದ.
ತ್ಸಿಯಾಲಾ ಕರಡಿನ ಕಟ್ಟು ಎತ್ತಿ ಕೊಟ್ಟಳು, ತಿರುಗಿಯೂ ನೋಡದೆ.
ಹನ್ನೊಂದು ವರ್ಷದ ತಪ್ಪುಗಳು,
ಚೆನ್ನಾಗಿ ಒಣಗಿದ್ದವು.

ಹದಿನೇಳನೇ ಹಾಳೆ ಅದರಲ್ಲಿತ್ತು,
ತಪ್ಪಿಲ್ಲದ ಒಂದೇ ಒಂದು ಹಾಳೆ.
ತಿಳಿದದ್ದು ಮೂರು ದಿನದ ಮೇಲೆ.
ಅಷ್ಟರಲ್ಲಿ ಹಾಲು ಕಾದು, ಮಗು ಕುಡಿದು,
ಮೆಟ್ಟಿಲ ಮೇಲೆ ಕೂತು ಗುಂಡಿ ಎಣಿಸುತ್ತಿತ್ತು.

ನನಗೆ ಅಳು ಬಂತು. ಅವಳಿಗೆ ಲೆಕ್ಕ:
"ಒಂದು ಹಾಳೆಗೆ ಎಷ್ಟು ಹಾಲು ಕಾಯುತ್ತದೆ?
ಒಂದೆರಡು ಗುಟುಕು?"
ಆಮೇಲೆ, ಪೆನ್ಸಿಲು ಹೆರೆಯುತ್ತ,
"ಇದೆ ಅಂತ ಗೊತ್ತಾಯಿತಲ್ಲ.
ಎಲ್ಲಿದೆ ಅನ್ನುವುದು ಬೇರೆ ಪ್ರಶ್ನೆ."

ಹಳೆಯ ದಾರಿ ಕೈಗೆ ಸಿಗಲೇ ಇಲ್ಲ.
ಬೇರೆ ಕಡೆಯಿಂದ ಹೊರಟಳು,
ಶಕ್ತಿಯ ಜಮಾಖರ್ಚು ಬರೆದುಕೊಳ್ಳುತ್ತ,
ಮುಗಿದ ಪುಟದ ಅಂಚಿನಲ್ಲೂ, ಔಷಧಿಯ ಚೀಟಿಯ ಬೆನ್ನಲ್ಲೂ,
ಒಮ್ಮೆ ನನ್ನ ಅಂಗೈಯಲ್ಲಿ.

ಮಾರ್ಚಿನ ಒಂದು ರಾತ್ರಿ, ಎರಡೂಮುಕ್ಕಾಲು.
ಕಿಟಕಿಯಿಂದ ಕಿಟಕಿಗೆ ಕೂಗು ಹಾರಿತು:
"ಮೋವಿದಾ! ಮೋವಿದಾ!"
ಬಂತು, ಕರೆಂಟು ಬಂತು.
ಇಡೀ ಬೀದಿ ಎದ್ದು ಹಿಟ್ಟು ನಾದಿತು, ತಲೆ ತೊಳೆಯಿತು,
ಮಾಕ್ವಾಲಾ ಇಸ್ತ್ರಿ ಪೆಟ್ಟಿಗೆ ಹುಡುಕಿದಳು.
ನಮ್ಮ ಬಲ್ಬಿನಡಿ ಅಸಮತೆಯ ಬಲಗಡೆ ನೋಡಿದೆ:
ಸಿ ಇತ್ತು, ದೊಡ್ಡ ಹೊಟ್ಟೆಯ ಸಿ.
ಟಿ ಇರಲಿಲ್ಲ. ಮತ್ತೆ ನೋಡಿದೆ. ಇರಲಿಲ್ಲ.

"ಹಾಗಾದರೆ ಎಂದೆಂದಿಗೂ?"
"ಹೂಂ. ಇರುತ್ತದೆ."
"ಕೊನೆಗೆ ಏನಾಗುತ್ತದೆ?"
"ಯಾವುದೋ ಆಕಾರಕ್ಕೆ ಬಂದು ಕೂರುತ್ತದೆ.
ಯಾವುದೆಂದು ಹೇಳಲಾರೆ. ಸೊನ್ನೆಯೂ ಆಕಾರವೇ."

ನಾಲ್ಕು ಇಪ್ಪತ್ತಕ್ಕೆ ಕರೆಂಟು ಹೋಯಿತು,
ಎದುರು ಮನೆಯಲ್ಲಿ ಅಂಗಿಯ ಒಂದು ತೋಳು ಬಾಕಿ.
ತ್ಸಿಯಾಲಾ ಕೈಗವಸು ಕಳಚಿ
ಆರಿದ ಬಲ್ಬಿನ ಸುತ್ತ ಎರಡೂ ಅಂಗೈ ಹಿಡಿದಳು.
"ಬಾ," ಅಂದಳು, "ಇನ್ನೂ ಇದೆ."