ಹದಿನೇಳರ ಮಗ್ಗಿ

ಮ್ಯಾಗಿಲ್‌ನ ಕೊನೆಯ ಸಿಗ್ನಲ್ ದಾಟಿದರೆ
ರಸ್ತೆ ತಲೆ ಎತ್ತುತ್ತದೆ, ನಾನು ತಗ್ಗಿಸುತ್ತೇನೆ.
ಆರು ಗಂಟೆಗೂ ಕತ್ತಲೆ.
ನೀಲಗಿರಿ ಮರಗಳ ಸುಲಿದ ತೊಗಟೆ
ಡಾಂಬರಿನ ಮೇಲೆ ಹಾವಿನ ಪೊರೆಯಂತೆ ಬಿದ್ದಿದೆ.
ನಾರ್ಟನ್ ಸಮಿಟ್‌ಗೆ ಐದೂವರೆ ಕಿಲೋಮೀಟರು ಏರು.
ಮೊದಲ ಸಲ ಮೂವತ್ತೊಂದು ನಿಮಿಷ,
ಅದರಲ್ಲಿ ನಾಲ್ಕು, ಬೇಲಿ ಹಿಡಿದು ನಿಂತದ್ದು.

ಡೊನಾಟೊ ಆ ದಿನ ಪಕ್ಕದಲ್ಲೇ ಬಂದ.
ಎಪ್ಪತ್ತೊಂದು ವಯಸ್ಸು, ಟೈಲ್ಸ್ ಕೂರಿಸಿ ಕೂರಿಸಿ ಸವೆದ ಮಂಡಿ,
ತನ್ನ ಟೊಮೆಟೊ ಗಿಡಗಳ ಕತೆ ಹೇಳುತ್ತಲೇ ಹತ್ತಿದ.
ನನಗೆ ಹೂಂ ಅನ್ನಲೂ ಉಸಿರಿರಲಿಲ್ಲ.
ತಿರುವಿನಲ್ಲಿ ಕಾದಿದ್ದು ಹೇಳಿದ:
ಮಾತು ಬಿಟ್ಟುಹೋಗುವಷ್ಟು ಜೋರಾಗಿ ತುಳಿಯಬೇಡ.
ಬಾಯಿಪಾಠ ಬರುವುದು ಏನಾದರೂ ಹೇಳಿಕೋ.
ತುಂಡಾದಲ್ಲಿ ನಿಧಾನಿಸು.

ಬಾಯಿಪಾಠವೇ!
ಸ್ತೋತ್ರಗಳೆಲ್ಲ ಅರ್ಧಕ್ಕೇ ಮರೆತಿವೆ.
ಪೂರ್ತಿ ಉಳಿದದ್ದು ಒಂದೇ,
ರಾಣೇಬೆನ್ನೂರಿನ ಶಾಲೆಯಲ್ಲಿ ಸಂಕವ್ವ ಟೀಚರು
ಅಡಿಪಟ್ಟಿಯ ಅಂಚಿನಿಂದ
ಬೆರಳ ಗೆಣ್ಣಿನೊಳಕ್ಕೆ ಇಳಿಸಿದ ಹದಿನೇಳರ ಮಗ್ಗಿ.

ಹದಿನೇಳೊಂದ್ಲೆ ಹದಿನೇಳು, ಬಲಗಾಲು.
ಹದಿನೇಳೆರಡ್ಲೆ ಮೂವತ್ನಾಕು, ಎಡಗಾಲು.
ಹದಿನೇಳ್ಮೂರ್ಲೆ...
ಐವತ್ತೊಂದು ಗಂಟಲಲ್ಲೇ ಸಿಕ್ಕಿಕೊಂಡಿತು.
ಗೇರು ಇಳಿಸಿದೆ. ಜೊತೆಗೆ ಮಾನವೂ ಇಳಿಯಿತು:
ಬೆನ್ನ ಹಿಂದಿನ ಕುರ್ಚಿಯಲ್ಲಿ ಮಗು ಕೂರಿಸಿಕೊಂಡ ಒಬ್ಬಾತ
ಸಲೀಸಾಗಿ ನನ್ನನ್ನು ದಾಟಿ ಹೋದ.
ಮಗು ತಿರುಗಿ ಟಾಟಾ ಮಾಡಿತು.

ಜೂನಿನಲ್ಲಿ ದುರಾಸೆ ಹೊಕ್ಕಿತು.
ದಿನಾ ಹತ್ತಿದೆ, ಮಳೆಯಲ್ಲಿ, ಎದೆ ಬಿರಿಯುವಂತೆ.
ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳು
ಗೋಡೆಯ ಅಕ್ಷರ ಕೊನೇ ಸಾಲಿನವರೆಗೆ ಓದುವಷ್ಟರಲ್ಲಿ
ನನ್ನ ಕಣ್ಣು ಮುಚ್ಚಿರುತ್ತಿತ್ತು.
ಅಷ್ಟು ಮಾಡಿ ಗಳಿಸಿದ್ದು? ನಲವತ್ತು ಸೆಕೆಂಡು ನಷ್ಟ.
ಡೊನಾಟೊ ಬ್ರೆಡ್ಡಿನ ಹಿಟ್ಟಿನ ಉದಾಹರಣೆ ಕೊಟ್ಟ.
ನನಗೆ ಅರ್ಥವಾದದ್ದು ದೋಸೆ ಹಿಟ್ಟು:
ರುಬ್ಬಿದ್ದು ಸಾಕು ತಾಯಿ, ಇನ್ನು ಮುಚ್ಚಿಡು,
ಉಬ್ಬುವ ಕೆಲಸ ರಾತ್ರಿಯದು.

ಹಾಗಾಗಿ ಮಂಗಳವಾರ, ಶುಕ್ರವಾರ
ಸೈಕಲ್ಲು ಗೋಡೆಗೆ.
ಏಕಾದಶಿಯ ದಿನ ಅಡುಗೆಮನೆ ನೋಡಿದಂತೆ
ಅದನ್ನು ಹೋಗ್ತಾ ಬರ್ತಾ ನೋಡುತ್ತೇನೆ.
ಬುಧವಾರ ಮಾತ್ರ ನಾಲ್ಕು ನಿಮಿಷದಂತೆ ನಾಲ್ಕು ಸಲ
ಇದ್ದಬದ್ದದ್ದೆಲ್ಲ ಸುರಿಯುವುದು. ಆಗ ಮಗ್ಗಿ ಇಲ್ಲ,
ಕಿವಿಯೊಳಗೆ ರಕ್ತದ ಡೊಳ್ಳು, ಅಷ್ಟೇ.
ಉಳಿದ ದಿನ ನಿಧಾನ. ಬೇಸರ ಬರುವಷ್ಟು ನಿಧಾನ.
ಜೇಬಿನಲ್ಲಿ ಶೇಂಗಾ ಚಿಕ್ಕಿ.
(ಪೊಟ್ಟಣದ ಜೆಲ್ ಒಮ್ಮೆ ತಿಂದು ಮೂರನೇ ತಿರುವಿಗೆ ವಾಪಸು ಕೊಟ್ಟಿದ್ದೇನೆ.)

ಸೆಪ್ಟೆಂಬರು: ಮ್ಯಾಗ್‌ಪೈಗಳ ಮರಿ ಕಾಯುವ ಕಾಲ.
ಹಿಂದಿನಿಂದ ಎರಗಿ ಕಿವಿ ಕುಕ್ಕುತ್ತವೆ.
ಹೆಲ್ಮೆಟ್ಟಿನ ತುಂಬ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸಿಕೊಂಡು
ಬಾಸಿಂಗ ಕಟ್ಟಿದ ಐವತ್ತರ ಮದುಮಗಳು
ಬೆಟ್ಟ ಹತ್ತಿದಳು.
ಆ ತಿಂಗಳ ವೇಗದ ಲೆಕ್ಕ ಹಕ್ಕಿಗೇ ಸೇರಬೇಕು.

ಅಕ್ಟೋಬರಿನ ಒಂದು ಶನಿವಾರ.
ಏನೂ ಅಂದುಕೊಂಡಿರಲಿಲ್ಲ.
ಹದಿನೇಳಾರ್ಲೆ ನೂರಾ ಎರಡು,
ಹದಿನೇಳೇಳ್ಲೆ ನೂರಾ ಹತ್ತೊಂಬತ್ತು,
ಹದಿನೇಳೆಂಟ್ಲೆ ನೂರಾ ಮೂವತ್ತಾರು ಅನ್ನುವಾಗ
ಕೈಗಡಿಯಾರದಲ್ಲಿ ಎದೆಬಡಿತವೂ ನೂರಾ ಮೂವತ್ತಾರು.
ನಗು ಬಂತು. ನಗುತ್ತಲೇ ತುಳಿದೆ, ಕಾಲು ತಪ್ಪಲಿಲ್ಲ.
ಎಡಗಡೆ ಕಣಿವೆಯಾಚೆ ಅಡಿಲೇಡು ಚಾಪೆಯಂತೆ ಹಾಸಿತ್ತು,
ಅದರ ಅಂಚಿಗೆ ಹೊಲಿದ ಸೀಸದ ಬಣ್ಣದ ಸಮುದ್ರ.

ಟೊಮೆಟೊ ಮಾತು ಕೇಳಿಸುತ್ತಿಲ್ಲ ಎಂದು
ಆಮೇಲೆ ಹೊಳೆಯಿತು.
ತಿರುಗಿದರೆ ಡೊನಾಟೊ ಎರಡು ತಿರುವು ಕೆಳಗೆ,
ಒಂದು ಕೈ ಬೇಲಿಯ ಮೇಲೆ.

ಗಡಿಯಾರ ಓಡುತ್ತಿತ್ತು. ಓಡಲಿ.
ಇಳಿದು ಹೋದೆ. ಪಕ್ಕಕ್ಕೆ ಬಂದು ಮತ್ತೆ ಹತ್ತತೊಡಗಿದೆ,
ಅವನ ವೇಗಕ್ಕೆ, ಸಂಕವ್ವ ಟೀಚರ ಅಡಿಪಟ್ಟಿಯ ಕತೆ ಹೇಳುತ್ತ.
ಅವನಿಗೆ ಹೂಂ ಅನ್ನಲೂ ಉಸಿರಿರಲಿಲ್ಲ.
ತಲೆ ಮಾತ್ರ ಆಡಿಸಿದ.

ಹದಿನೇಳ್ಹತ್ಲೆ
ಇನ್ನೊಂದು ದಿನಕ್ಕೆ ಬಾಕಿ ಇಟ್ಟುಕೊಂಡೆ.